350 ಬ್ಲಾಕ್‌ನಲ್ಲಿ 383 ಕಟ್ಟುವಾಗ ಎರಕದ ಕ್ರ್ಯಾಂಕ್ ಸಾಕೇ, 4340 ಬೇಕೇ?

ನೀವು ಕೇಳಿದ್ದು ಇದು: 1979ರ ಷೆವರ್ಲೆ ಸ್ಮಾಲ್‌ಬ್ಲಾಕ್ 350 ಘನ ಇಂಚಿನ ಎಂಜಿನ್ ಇದೆ, ಪಿಸ್ಟನ್ ಓಡುವ ದೂರ (ಸ್ಟ್ರೋಕ್) ಹೆಚ್ಚಿಸುವ ಕ್ರ್ಯಾಂಕ್ ಹಾಕಿ ಅದನ್ನು 383 ಸ್ಟ್ರೋಕರ್ ಮಾಡಬೇಕು, ರಸ್ತೆಯಲ್ಲಿ ಓಡಿಸಲು 400 ಎಚ್‌ಪಿ ಸಾಕು, 4340 ಅನ್ನುವ ಮಿಶ್ರಲೋಹದ ಉಕ್ಕನ್ನು ಬಡಿದು (ಫೋರ್ಜ್) ಮಾಡಿದ ಕ್ರ್ಯಾಂಕ್‌ಗೆ ದುಡ್ಡು ಹಾಕಲೇಬೇಕೇ?

ಬಲ ಹೆಚ್ಚಿಸುವ ನೈಟ್ರಸ್ ಅನಿಲ, ಟರ್ಬೊ ಯಾವುದೂ ಇಲ್ಲದೆ 6000 ಆರ್‌ಪಿಎಂ ಒಳಗೇ ಇರುತ್ತೀರಾದರೆ ಬೇಡ. ಒಳ್ಳೆಯ ಎರಕದ ಉಕ್ಕಿನ ಕ್ರ್ಯಾಂಕ್ ಸಾಕು. ಮುಂದೆ ನೈಟ್ರಸ್ ಹಾಕುವ ಆಸೆ ಸ್ವಲ್ಪವಾದರೂ ಇದ್ದರೆ ಈಗಲೇ 4340 ತಗೊಳ್ಳಿ. ಎಂಜಿನ್ ಎರಡನೇ ಸಲ ಬಿಚ್ಚುವ ಖರ್ಚಿನ ಮುಂದೆ ಆ ವ್ಯತ್ಯಾಸ ದೊಡ್ಡದಲ್ಲ.

ಸ್ಟ್ರೋಕರ್‌ನಲ್ಲಿ ಈ ಪ್ರಶ್ನೆ ಯಾಕೆ ಹೆಚ್ಚು ಮುಖ್ಯ ಅನ್ನುವುದನ್ನು ಲೆಕ್ಕ ಹಾಕಿ ನೋಡಿ. ಕ್ರ್ಯಾಂಕನ್ನು ಮುಂದಿನ ತುದಿಯಿಂದ ನೋಡಿದರೆ ಮೇನ್ ಜರ್ನಲ್‌ನ (ಬ್ಲಾಕಿನಲ್ಲಿ ಕೂತು ತಿರುಗುವ ಭಾಗ) ವೃತ್ತವೂ ರಾಡ್ ಜರ್ನಲ್‌ನ (ಪಿಸ್ಟನ್ನಿನ ರಾಡ್ ಹಿಡಿಯುವ ಭಾಗ) ವೃತ್ತವೂ ಒಂದರ ಮೇಲೊಂದು ಸ್ವಲ್ಪ ಹಾಯುತ್ತವೆ. ಆ ಹಾಯುವ ಭಾಗವೇ ಕ್ರ್ಯಾಂಕಿನ ಬೆನ್ನೆಲುಬು. 350ರ ಮೇನ್ 2.45 ಇಂಚು, ರಾಡ್ ಜರ್ನಲ್ 2.10 ಇಂಚು, ಸ್ಟ್ರೋಕ್ 3.48. ಹಾಯುವಿಕೆ 0.535 ಇಂಚು. ಸ್ಟ್ರೋಕನ್ನು 3.75ಕ್ಕೆ ಏರಿಸಿದರೆ ಉಳಿಯುವುದು 0.400. ನಾಲ್ಕರಲ್ಲಿ ಒಂದು ಪಾಲು ಹೋಯಿತು! ಇದೇ ಸ್ಟ್ರೋಕ್ ಇದ್ದ ಕಂಪನಿಯ 400 ಎಂಜಿನ್‌ನಲ್ಲಿ ಮೇನ್ 2.65 ಇಂಚು ಇದ್ದದ್ದರಿಂದ ಅಲ್ಲಿ 0.500 ಉಳಿದಿತ್ತು. ಅಂದರೆ 383ರಲ್ಲಿ ಆಕಾರ ಕಳಕೊಂಡ ಬಲವನ್ನು ಲೋಹವೇ ತುಂಬಿಕೊಡಬೇಕು. ಜೊತೆಗೆ ಅದೇ ಆರ್‌ಪಿಎಂನಲ್ಲಿ ಪಿಸ್ಟನ್ನಿನ ಎಳೆತ ಸುಮಾರು ಶೇ. 8 ಜಾಸ್ತಿಯಾಗುತ್ತದೆ.

ಲೋಹಗಳ ಕರ್ಷಣ ಬಲ ಸ್ಥೂಲವಾಗಿ ಹೀಗೆ: ಸಾದಾ ಬೀಡು 70ರಿಂದ 80 ಸಾವಿರ ಪಿಎಸ್‌ಐ (ಚದರ ಇಂಚಿಗೆ ಪೌಂಡ್), ನಾಡ್ಯುಲರ್ ಬೀಡು 95, ಎರಕದ ಉಕ್ಕು 105, ಫೋರ್ಜ್ ಮಾಡಿದ 5140 ಸುಮಾರು 115, 4340 ಸುಮಾರು 140 ಸಾವಿರ. 4340 ಅಂದರೆ ನಮ್ಮ ಮಷಿನ್ ಶಾಪ್‌ಗಳಲ್ಲಿ ಇಎನ್24 ಅನ್ನುತ್ತಾರಲ್ಲ, ಹೆಚ್ಚುಕಮ್ಮಿ ಅದೇ. ಅದರಲ್ಲಿ ಶೇ. 1.65ರಿಂದ 2ರಷ್ಟು ನಿಕ್ಕಲ್, ಜೊತೆಗೆ ಕ್ರೋಮಿಯಂ, ಮಾಲಿಬ್ಡಿನಂ ಇರುವುದರಿಂದ ದಪ್ಪ ಭಾಗದಲ್ಲೂ ಹದ ಒಳಗಿನವರೆಗೆ ಇಳಿಯುತ್ತದೆ. 5140ರಲ್ಲಿ ಕ್ರೋಮಿಯಂ ಮಾತ್ರ, ಹದ ಅಷ್ಟು ಆಳಕ್ಕೆ ಇಳಿಯದು. ಹಾಗಾಗಿ 'ಫೋರ್ಜ್ಡ್' ಅಂತ ಪೆಟ್ಟಿಗೆಯ ಮೇಲೆ ಬರೆದಿದ್ದರೆ ಸಾಲದು, ಯಾವ ಉಕ್ಕು ಅಂತ ಕೇಳಿ.

ಸಾಮಾನ್ಯವಾಗಿ ಬಿರುಕು ಹುಟ್ಟುವುದು ಜರ್ನಲ್ ಮತ್ತು ಪಕ್ಕದ ಗೋಡೆ ಸೇರುವ ಮೂಲೆಯಲ್ಲಿ, ಅಂದರೆ ಫಿಲೆಟ್‌ನಲ್ಲಿ. ಅಲ್ಲಿ 0.125 ಇಂಚಿನಷ್ಟು ದುಂಡು ಇದ್ದರೆ ಚೆನ್ನ. ಚೂಪು ಮೂಲೆಯ 4340ಗಿಂತ ದುಂಡು ಮೂಲೆಯ ಎರಕದ ಉಕ್ಕನ್ನು ನಾನು ನಂಬುತ್ತೇನೆ. ಆದರೆ ದೊಡ್ಡ ಫಿಲೆಟ್‌ಗೆ ಅಂಚು ಇಳಿಜಾರು ಮಾಡಿದ ಬೇರಿಂಗೇ ಹಾಕಬೇಕು. ಸಾದಾ ಬೇರಿಂಗ್ ಹಾಕಿದರೆ ಅದರ ಅಂಚು ಫಿಲೆಟ್ ಮೇಲೆ ಹತ್ತಿ ಉಜ್ಜುತ್ತದೆ. ಬಿಚ್ಚಿದಾಗ ಅಂಚಿನಲ್ಲಷ್ಟೇ ತಾಮ್ರದ ಕೆಂಪು ಗೆರೆ ಕಂಡರೆ ಕಾರಣ ಅದೇ.

ಹಳೇ ಕ್ರ್ಯಾಂಕ್ ಕೊಳ್ಳುವಾಗ ಹೊರಮೈಯಲ್ಲಿ ಅಚ್ಚಿನ ಎರಡು ಭಾಗ ಸೇರಿದ ಗೆರೆ ನೋಡಿ. ಕೂದಲಿನಂಥ ತೆಳು ಗೆರೆಯಾದರೆ ಎರಕ, ಬೆರಳಗಲದ ಉಜ್ಜಿದ ಪಟ್ಟಿಯಾದರೆ ಫೋರ್ಜ್. ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಫೋರ್ಜ್ ಆದದ್ದು ಗಂಟೆಯಂತೆ ನಾದ ಬಿಡುತ್ತದೆ, ಎರಕದ್ದು 'ಟಪ್' ಅಂತ ನಿಲ್ಲುತ್ತದೆ. ಫೋರ್ಜ್ ಆದದ್ದೂ ಮಂಕಾಗಿ ಸದ್ದು ಮಾಡಿದರೆ ಬಿರುಕಿನ ಅನುಮಾನ ಇಟ್ಟುಕೊಳ್ಳಿ, ಕಾಂತದಿಂದ ಬಿರುಕು ಹುಡುಕುವ ಮ್ಯಾಗ್ನಾಫ್ಲಕ್ಸ್ ಪರೀಕ್ಷೆ ಮಾಡಿಸದೆ ದುಡ್ಡು ಕೊಡಬೇಡಿ. ನೈಟ್ರೈಡ್ ಮಾಡಿದ (ನೈಟ್ರೊಜನ್‌ನಿಂದ ಹೊರಮೈ ಗಟ್ಟಿ ಮಾಡಿದ) ಕ್ರ್ಯಾಂಕನ್ನು ಒಂದೆರಡು ಸಲ ಗ್ರೈಂಡ್ ಮಾಡಿದ್ದರೆ ಅತಿ ಗಟ್ಟಿ ಪದರ ಹೋಗಿರುತ್ತದೆ. ಅದನ್ನು ಮತ್ತೆ ನೈಟ್ರೈಡ್ ಮಾಡಿಸಬೇಕು, ಮಾಡಿಸಿದ ಮೇಲೆ ಬಾಗಿದೆಯಾ ಅಂತ ಡಯಲ್ ಗೇಜ್ ಇಟ್ಟು ನೋಡಬೇಕು.

ಆರ್ಡರ್ ಕೊಡುವ ಮುಂಚೆ ಎರಡು ವಿಷಯ. ನಿಮ್ಮದು ಎರಡು ತುಂಡಿನ ಹಿಂಬದಿ ಎಣ್ಣೆ ಸೀಲ್ ಇರುವ ಬ್ಲಾಕ್. 1986ರಿಂದ ಬಂದ ಒಂದೇ ತುಂಡಿನ ಸೀಲ್‌ನ ಕ್ರ್ಯಾಂಕ್ ಇದಕ್ಕೆ ಕೂರದು. ಇನ್ನೊಂದು, ಅಗ್ಗದ ಎರಕದ 383 ಕ್ರ್ಯಾಂಕ್‌ಗಳಲ್ಲಿ ಎಷ್ಟೋ ಎಕ್ಸ್‌ಟರ್ನಲ್ ಬ್ಯಾಲೆನ್ಸಿನವು, ಅಂದರೆ ಸಮತೋಲದ ಭಾರದ ಒಂದು ಪಾಲು ಕ್ರ್ಯಾಂಕಿನ ಹೊರಗೆ ಇರುವಂಥವು. ಅವಕ್ಕೆ 400ರ ಡ್ಯಾಂಪರ್ (ಮುಂದಿನ ತುದಿಯ ಕಂಪನ ತಗ್ಗಿಸುವ ಚಕ್ರ), ಫ್ಲೆಕ್ಸ್‌ಪ್ಲೇಟ್ (ಹಿಂದಿನ ತುದಿಯ ತಟ್ಟೆ) ಎರಡೂ ಬೇಕು, ಆ ಬೆಲೆಯನ್ನೂ ಸೇರಿಸಿ ಹೋಲಿಸಿ.

ಲೋಹ ಯಾವುದಾದರೂ ಸರಿ, ಕ್ರ್ಯಾಂಕ್ ಇಟ್ಟು ಕೈಯಲ್ಲಿ ತಿರುಗಿಸಿದಾಗ ರಾಡ್ ಬೋಲ್ಟ್ ಬ್ಲಾಕಿನ ಪ್ಯಾನ್ ರೇಲ್‌ಗೂ (ಎಣ್ಣೆ ಪ್ಯಾನ್ ಕೂರುವ ಅಂಚು) ಕ್ಯಾಮ್‌ಗೂ (ವಾಲ್ವ್ ತೆರೆಯುವ ದಂಡ) ಕನಿಷ್ಠ 0.060 ಇಂಚು ದೂರ ಇರಬೇಕು. ಬ್ಲಾಕನ್ನು ಸ್ವಲ್ಪಸ್ವಲ್ಪವೇ ಉಜ್ಜಿ, ಆಳಕ್ಕೆ ಹೋದರೆ ನೀರಿನ ಜಾಕೆಟ್ ತೂತಾಗುತ್ತದೆ. ಕ್ಯಾಮ್ ಹತ್ತಿರ 1, 2, 5, 6ನೇ ಸಿಲಿಂಡರ್‌ಗಳ ರಾಡ್‌ಗಳನ್ನು ನೋಡಿ, ಅದೂ ಕ್ಯಾಮ್ ಟೈಮಿಂಗ್ ಕೊನೆಯದಾಗಿ ಹೊಂದಿಸಿದ ಮೇಲೆ. ಕ್ಯಾಮನ್ನು ನಾಲ್ಕು ಡಿಗ್ರಿ ಮುಂದೆ ಸರಿಸಿದರೂ ಆ ಅಂತರ ಬದಲಾಗುತ್ತದೆ.