‘ಬೇಡ’ ಅಂತ ಕೆಲಸದವರು ಬರೆದುಕೊಟ್ಟರೆ ಇಎಸ್‌ಐ ತಪ್ಪುತ್ತದಾ?

*ಬದಿಯಡ್ಕದಲ್ಲಿ ನನ್ನದು ಬಟ್ಟೆ ಅಂಗಡಿ. 12 ಜನ ಕೆಲಸಕ್ಕಿದ್ದಾರೆ, ತಲಾ 14,000 ರೂಪಾಯಿ ಸಂಬಳ. ಇಎಸ್‌ಐ (ಕೆಲಸಗಾರರ ಸರಕಾರಿ ವಿಮೆ) ಬೇಡ, ಹಣ ಕೈಗೇ ಕೊಡಿ ಅಂತ ಅವರೇ ಬರೆದುಕೊಟ್ಟಿದ್ದಾರೆ. ಒಂದು ವರ್ಷದಿಂದ ಕಟ್ಟಿಲ್ಲ. ತೊಂದರೆ ಇದೆಯಾ?*

ಇದೆ. ಈ ಪ್ರಶ್ನೆ ಪ್ರತಿ ತಿಂಗಳೂ ಬರುತ್ತದೆ, ಉತ್ತರ ಮಾತ್ರ ಬದಲಾಗುವುದಿಲ್ಲ. 10 ಜನ ಆದರೆ ಇಎಸ್‌ಐ ಬಂತು. ಸಂಬಳ 21,000 ದಾಟದವರು ಅದರೊಳಗೇ. ಬೇಡ ಅನ್ನುವ ಹಕ್ಕು ಅವರಿಗೂ ಇಲ್ಲ, ನಿಮಗೂ ಇಲ್ಲ. ಆ ಕಾಗದಕ್ಕೆ ಬೆಲೆಯಿಲ್ಲ.

ಲೆಕ್ಕ ನೋಡಿ. ಅವರ ಪಾಲು ಶೇ. 0.75, ಅಂದರೆ 105 ರೂಪಾಯಿ. ನಿಮ್ಮದು ಶೇ. 3.25, ಅಂದರೆ 455. ಒಬ್ಬರಿಗೆ ತಿಂಗಳಿಗೆ 560. 12 ಜನರಿಗೆ ವರ್ಷಕ್ಕೆ 80,640. ಅವರ ಪಾಲನ್ನು ಈಗ ಒಟ್ಟಿಗೆ ಸಂಬಳದಲ್ಲಿ ಹಿಡಿಯೋಣ ಅಂದುಕೊಂಡಿರಬಹುದು. ಹಾಗೆ ಮಾಡಬೇಡಿ. ಆಯಾ ತಿಂಗಳ ಪಾಲನ್ನು ಆಯಾ ತಿಂಗಳ ಸಂಬಳದಲ್ಲೇ ಹಿಡಿಯಬೇಕು. ಬಿಟ್ಟರೆ ಅದೂ ನಿಮ್ಮ ಕೈಯಿಂದಲೇ ಹೋಗಬೇಕು. ಮೇಲೆ ವರ್ಷಕ್ಕೆ ಶೇ. 12 ಬಡ್ಡಿ.

ನನಗೆ ಬೇಜಾರು ದುಡ್ಡಿನ ವಿಷಯಕ್ಕಲ್ಲ. ಗೋದಾಮಿನ ಏಣಿಯಿಂದ ಒಬ್ಬರು ಬಿದ್ದು ಸೊಂಟ ಮುರಿದರೆ? ಇಎಸ್‌ಐ ಇದ್ದರೆ ಚಿಕಿತ್ಸೆ ಸಿಗುತ್ತದೆ, ಮಲಗಿರುವಷ್ಟು ದಿನ ಕೂಲಿಯ ಶೇ. 90 ಬರುತ್ತದೆ. ಬಸುರಿ ಹೆಂಗಸರಿಗೆ 26 ವಾರದ ಹೆರಿಗೆ ಭತ್ಯೆ. 105 ರೂಪಾಯಿಗೆ ಇನ್ನೆಲ್ಲಿ ಸಿಗುತ್ತದೆ? ನೀವು ಕಟ್ಟದೆ ಅವರಿಗೆ ಸಿಗಬೇಕಾದ್ದು ತಪ್ಪಿದರೆ, ಇಎಸ್‌ಐ ನಿಗಮ ಅದನ್ನು ನಿಮ್ಮಿಂದ ವಸೂಲು ಮಾಡಬಹುದು. ಇದನ್ನು ಹುಡುಗರನ್ನು ಕೂರಿಸಿ ಹೇಳಿ. ‘ಬೇಡ’ ಅಂದವರಿಗೆ ಇದು ಯಾರೂ ಹೇಳಿರುವುದಿಲ್ಲ.

‘ಪುಸ್ತಕದಲ್ಲಿ 9 ಹೆಸರು ಇಡಿ, ಉಳಿದವರು ಟೆಂಪರರಿ’ ಅಂತ ಸಲಹೆ ಕೊಡುವ ಮಧ್ಯವರ್ತಿಗಳಿದ್ದಾರೆ. ದಯವಿಟ್ಟು ಅವರನ್ನು ಅಂಗಡಿಗೆ ಸೇರಿಸಬೇಡಿ. ಟೆಂಪರರಿಯವರೂ ಲೆಕ್ಕಕ್ಕೆ ಬರುತ್ತಾರೆ. ಒಮ್ಮೆ ಇಎಸ್‌ಐ ಬಂದ ಮೇಲೆ ಜನ ಕಡಿಮೆಯಾದರೂ ಅದು ಹೋಗುವುದಿಲ್ಲ. ಸಿಕ್ಕಿಬಿದ್ದ ದಿನ ನೋಟಿಸ್ ಬರುವುದು ನಿಮ್ಮ ಹೆಸರಿಗೆ, ಅವರ ಹೆಸರಿಗಲ್ಲ.

ಈ ವಾರವೇ ನೋಂದಣಿ ಮಾಡಿಸಿ. ಆಯಾ ತಿಂಗಳ ಹಣ ಕಟ್ಟಲು ಮುಂದಿನ ತಿಂಗಳ 15 ಕೊನೆಯ ದಿನ, ಆದರೆ ನಾನು ನನ್ನ ಗಿರಾಕಿಗಳಿಂದ 10ಕ್ಕೇ ಕಟ್ಟಿಸುತ್ತೇನೆ. ಬೇರೆಯವರು ಕಟ್ಟುವುದಾದರೆ ಪ್ರತಿ ತಿಂಗಳ ಚಲನ್ ಕೇಳಿ ಇಟ್ಟುಕೊಳ್ಳಿ.

*ಕೇರಳದ ಉಪ್ಪಳದ ಅಂಗಡಿಯಲ್ಲಿ 11 ಜನ, ಕರ್ನಾಟಕದ ತೊಕ್ಕೊಟ್ಟಿನ ಬ್ರಾಂಚಿನಲ್ಲಿ 10. ರಾಜ್ಯ ಬೇರೆ ಅಲ್ವಾ, ಪಿಎಫ್ (ಭವಿಷ್ಯ ನಿಧಿ) ಬೇಕಾ?*

ಬೇಕು. ಬ್ರಾಂಚುಗಳೆಲ್ಲ ಸೇರಿ ಒಂದೇ ಸಂಸ್ಥೆ. ಪಿಎಫ್‌ಗೆ ಬೇಕಾದ 20 ಜನ ದಾಟಿದೆ.

*ಹಾಗಾದರೆ ಉಪ್ಪಳದವರಿಗೂ ಕರ್ನಾಟಕದ ಹಾಗೆ ತಿಂಗಳು ತಿಂಗಳು ವೃತ್ತಿ ತೆರಿಗೆ ಹಿಡಿಯಲಾ?*

ಬೇಡ. ಕೇರಳದಲ್ಲಿ ಅದು ಆರು ತಿಂಗಳಿಗೊಮ್ಮೆ, ಪಂಚಾಯತಿಗೆ.

*ಪಿಎಫ್‌ನಲ್ಲಿ ಮಾಲೀಕರ ಪಾಲನ್ನೂ ಸಂಬಳದಿಂದಲೇ ಹಿಡಿಯಬಹುದಾ?*

ಕೂಡದು. ಕೆಲಸದವರ ಪಾಲು ಹಿಡಿದು ಕಟ್ಟದೆ ಇಟ್ಟುಕೊಂಡರೂ ಅದು ನಂಬಿಕೆದ್ರೋಹದ ಅಪರಾಧ.