ಕಾಸರಗೋಡಿನ ಕನ್ನಡ ಶಾಲೆಗೆ ಇಂಟರ್ನೆಟ್ ಎಲ್ಲಿಂದ ಬಂತು?

ಕಾಸರಗೋಡಿನವನು ಅಂದ ಕೂಡಲೇ ಬೆಂಗಳೂರಿನ ಸ್ನೇಹಿತರು ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ. ಮನೆಯಲ್ಲಿ ಮಲಯಾಳ ಮಾತಾಡ್ತೀರಾ? (ಇಲ್ಲ, ತುಳು.) ಅಲ್ಲಿ ಕನ್ನಡ ಶಾಲೆಗಳು ಇನ್ನೂ ಇವೆಯಾ? (ಇವೆ.) ನೀವು ಬೇರೆಯದೇ ಕೇಳಿದ್ದೀರಿ: ಆ ಶಾಲೆಗಳಲ್ಲಿ ಇಂಟರ್ನೆಟ್ ಇದೆಯಾ, ಇಲ್ಲದಿದ್ದರೆ ನಿಮ್ಮ ಆಫೀಸಿನ ಹಳೇ ಲ್ಯಾಪ್‌ಟಾಪ್ ಕಳಿಸಬಹುದಾ ಅಂತ. ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಇಂಟರ್ನೆಟ್ ಇದೆ. ದುಡ್ಡು ಕೇರಳ ಸರ್ಕಾರದ್ದು. 1956ರಲ್ಲಿ ನಾವು ಆ ಕಡೆ ಸೇರಿದ ಮೇಲೆ ಶಾಲೆ ಕನ್ನಡದ್ದೇ ಆಗಿ ಉಳಿಯಿತು, ಇಲಾಖೆ ಮಾತ್ರ ತಿರುವನಂತಪುರದ್ದಾಯಿತು. ಹಾಗಾಗಿ ಅಲ್ಲಿನ ಯೋಜನೆಗಳೆಲ್ಲ ನಮಗೂ ಬರುತ್ತವೆ. ಈ ಶತಮಾನದ ಶುರುವಿನಲ್ಲಿ ಐಟಿ ಅಟ್ ಸ್ಕೂಲ್ ಅನ್ನುವ ಶಾಲಾ ಕಂಪ್ಯೂಟರ್ ಯೋಜನೆ ಬಂತು. 2017ರಲ್ಲಿ ಅದೇ ಕೈಟ್ ಅನ್ನುವ ಸರ್ಕಾರಿ ಕಂಪನಿಯಾಯಿತು. 2018ರಲ್ಲಿ ಹೈಟೆಕ್ ಯೋಜನೆ ಶುರುವಾಗಿ 4,752 ಶಾಲೆಗಳ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಟ್ಟರು. ಸರ್ಕಾರಿ ಶಾಲೆ, ಅನುದಾನಿತ ಶಾಲೆ ಎರಡಕ್ಕೂ. ನಮ್ಮ ಕಡೆ ಅನುದಾನಿತ ಶಾಲೆಗಳೂ ಸಾಕಷ್ಟಿವೆ, ಅದರಿಂದ ಇದು ದೊಡ್ಡ ವಿಷಯ.

ಕರ್ನಾಟಕವೇನೂ ಸುಮ್ನೆ ಕೂತಿರಲಿಲ್ಲ. ಅಲ್ಲಿ ಐಟಿ ಅಟ್ ಸ್ಕೂಲ್ ಬಂದ ಹೊತ್ತಿಗೇ ಇಲ್ಲಿ ಮಾಹಿತಿ ಸಿಂಧು ಅನ್ನುವ ಕಂಪ್ಯೂಟರ್ ಯೋಜನೆ ಬಂತು, 1,000 ಸರ್ಕಾರಿ ಪ್ರೌಢಶಾಲೆಗಳಿಗೆ. ಆದರೆ ಇಲ್ಲಿ ಕಂಪ್ಯೂಟರ್ ಕೂರಿಸುವುದು, ಕಲಿಸುವುದು ಎರಡನ್ನೂ ಖಾಸಗಿ ಕಂಪನಿಗಳಿಗೆ ವಹಿಸಿದರು. ಗುತ್ತಿಗೆ ಮುಗಿದ ಮೇಲೆ ಕಲಿಸುವವರು ಹೊರಟರು. ಕೇರಳ ಮಾತ್ರ ಶಾಲೆಯ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟಿತು. ಗಣಿತದವರು, ಕನ್ನಡದವರು, ಎಲ್ಲರೂ ಮೌಸ್ ಹಿಡಿಯಬೇಕಾಯಿತು. ಸಾಫ್ಟ್‌ವೇರ್ ಕೂಡ ಕಾಸು ಕೊಡಬೇಕಿಲ್ಲದ ಲಿನಕ್ಸ್. ನನ್ನ ಮಟ್ಟಿಗೆ ಎಲ್ಲ ವ್ಯತ್ಯಾಸ ಇಲ್ಲೇ ಶುರುವಾಗಿದ್ದು. ಕರ್ನಾಟಕವೂ ಆಮೇಲೆ ಶಿಕ್ಷಕರಿಗೇ ಕಲಿಸುವ ದಾರಿಗೆ ಬಂತು ಅನ್ನಿ.

ಇದರಿಂದ ಒಂದು ತಮಾಷೆ ಆಗಿದೆ. ಇಲ್ಲಿ ನೀವೆಲ್ಲ ಕನ್ನಡ ಕುಟ್ಟುವುದು ನುಡಿ ಕೀಲಿಮಣೆಯಲ್ಲಿ: ಇಂಗ್ಲಿಷಿನ ಕೆ ಒತ್ತಿದರೆ ಕ, ಎನ್ ಒತ್ತಿದರೆ ನ. ಕೇರಳದ ಶಾಲೆಗಳಲ್ಲಿ ಕಲಿಸುವುದು ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ಕೀಲಿಮಣೆ. ಅದರಲ್ಲಿ ಕ ಇರುವುದು ಕೆ ಮೇಲೇ, ಆದರೆ ನ ಬೇಕಾದರೆ ವಿ ಒತ್ತಬೇಕು, ಒತ್ತಕ್ಷರಕ್ಕೆ ಡಿ. ‘ಕನ್ನಡ’ ಅಂತ ಬರೆಯಲು ಕೆ, ವಿ, ಡಿ, ವಿ, ಕೊನೆಗೆ ಚೌಕ ಆವರಣದ ಕೀಲಿ. ಬೆಂಗಳೂರಿನವರಿಗೆ ಇದು ಹುಚ್ಚಾಟ. ಆದರೆ ಇನ್‌ಸ್ಕ್ರಿಪ್ಟಿನಲ್ಲಿ ಮಲಯಾಳದ ಕ, ನ ಎಲ್ಲ ಅದೇ ಜಾಗದಲ್ಲಿವೆ. ನಮ್ಮ ಹುಡುಗರು ಬೆರಳು ಬದಲಿಸದೆ ಎರಡು ಭಾಷೆ ಕುಟ್ಟುತ್ತಾರೆ. ಇಲ್ಲಿಗೆ ಕೆಲಸಕ್ಕೆ ಬಂದಾಗ ಮಾತ್ರ ನುಡಿ ಮುಂದೆ ಕೂತು ತಡವರಿಸುತ್ತಾರೆ, ಪಾಪ.

ಕರೆಂಟಿನ ಕಾಟ ಇದ್ದದ್ದೇ. ಅಕ್ಟೋಬರ್ ಬಂದರೆ ಮಧ್ಯಾಹ್ನದ ಮೇಲೆ ಸಿಡಿಲು. ಒಂದು ಗುಡುಗು ಕೇಳಿದರೆ ಸಾಕು, ಟೀಚರ್ ಪಾಠ ಅರ್ಧಕ್ಕೇ ಬಿಟ್ಟು ಮೊದಲು ಪ್ರೊಜೆಕ್ಟರಿನ ಪ್ಲಗ್ ಕೀಳುತ್ತಾರೆ, ಆಮೇಲೆ ಮೋಡೆಮ್ಮಿನ ವಯರ್. ಸುಟ್ಟರೆ ರಿಪೇರಿ ಆಗಿ ಬರುವವರೆಗೆ ಕಾಯಬೇಕಲ್ಲ.

ಆದರೆ ನಿಜವಾದ ಕೊರತೆ ವಯರಿನದ್ದಲ್ಲ. ಪರದೆ ಮೇಲೆ ಏನು ಹಾಕುವುದು ಅನ್ನುವುದು. ಕೋವಿಡ್‌ಗೆ ಶಾಲೆ ಮುಚ್ಚಿದ್ದಾಗ, 2020ರ ಜೂನ್ 1ಕ್ಕೆ ಕೇರಳದಲ್ಲಿ ವಿಕ್ಟರ್ಸ್ ಅನ್ನುವ ಶಿಕ್ಷಣ ಚಾನೆಲ್ಲಿನಲ್ಲಿ ಫಸ್ಟ್ ಬೆಲ್ ಹೆಸರಿನ ಪಾಠ ಶುರುವಾಯಿತು, ಮಲಯಾಳದಲ್ಲಿ. ಕನ್ನಡದ ಪಾಠಗಳನ್ನು ಬೇರೆಯಾಗಿಯೇ ಮಾಡಬೇಕಾಯಿತು. ಅದನ್ನು ಮಾಡಿದವರು ಕಾಸರಗೋಡಿನ ಶಿಕ್ಷಕರೇ. ಅದೇ ವರ್ಷ ಚಂದನದಲ್ಲೂ ಕನ್ನಡ ಪಾಠ ಬರುತ್ತಿತ್ತು, ಅದನ್ನೇ ನೋಡಬಹುದಿತ್ತಲ್ವಾ ಅಂತ ನೀವು ಕೇಳಬಹುದು. ಆಗಲ್ಲ. ನಮ್ಮ ಪುಸ್ತಕ ಕನ್ನಡದಲ್ಲಿದ್ದರೂ ಅದು ಕೇರಳದ ಪಠ್ಯ. ತ್ರಿಕೋನ ಎರಡೂ ಕಡೆ ಒಂದೇ ಇರಬಹುದು, ಸಮಾಜ ಪಾಠ ಒಂದೇ ಅಲ್ಲ. ಪರೀಕ್ಷೆ ಬರೆಯುವುದು ಆ ಪುಸ್ತಕದ ಮೇಲೆ.

ಮಲಯಾಳದಲ್ಲಿ ಒಂದು ಪಾಠಕ್ಕೆ ಹತ್ತಾರು ವಿಡಿಯೊ ಸಿಗುತ್ತವೆ. ಕನ್ನಡದಲ್ಲಿ ಟೀಚರ್ ರಾತ್ರಿ ಕೂತು ಒಂದು ಚಿತ್ರ ಹುಡುಕಿ, ಅದರ ಇಂಗ್ಲಿಷ್ ಹೆಸರುಗಳನ್ನು ಅಳಿಸಿ, ಕನ್ನಡದಲ್ಲಿ ಹಾಕಿ, ಬೆಳಿಗ್ಗೆ ತೋರಿಸುತ್ತಾರೆ. ಕರ್ನಾಟಕದ ಶಿಕ್ಷಕರಿಗೆಂದು ಮಾಡಿರುವ ಕೊಯರ್ ಅನ್ನುವ ಮುಕ್ತ ಸಂಪನ್ಮೂಲ ತಾಣವಿದೆ. ಅಲ್ಲಿನ ಗಣಿತ, ವಿಜ್ಞಾನದ ಸಾಮಗ್ರಿ ಯಾರು ಬೇಕಾದರೂ ತಗೊಂಡು ತಿದ್ದಿ ಬಳಸಬಹುದು. ಗಡಿ ದಾಟಲು ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಆದ್ದರಿಂದ ಲ್ಯಾಪ್‌ಟಾಪ್ ಬೇಡ ಮಾರಾಯ್ರೆ, ನಿಮ್ಮ ಹಳೇ ವಿಂಡೋಸ್ ಕಳಿಸಿದರೆ ಅದನ್ನು ಅಳಿಸಿ ಲಿನಕ್ಸ್ ಹಾಕುವ ಕೆಲಸ ಬೇರೆ. ನಿಮ್ಮ ಆಫೀಸಿನಲ್ಲಿ ಅನಿಮೇಶನ್ ಮಾಡುವವರು ಇದ್ದಾರಲ್ಲ, ಎಂಟನೇ ತರಗತಿಯ ಜೀವಕೋಶದ್ದು ಒಂದು ಕನ್ನಡದಲ್ಲಿ ಮಾಡಿಸಿ. ಮುಕ್ತ ಪರವಾನಗಿ ಹಾಕುವುದು ಮರೆಯಬೇಡಿ. ಕೇರಳದ ಕನ್ನಡ ಪುಸ್ತಕದ ಪಿಡಿಎಫ್ ನಾನು ಕಳಿಸ್ತೀನಿ.