ತಪ್ಪು ಹಿಡಿದಿರಿ, ಸರಿ. ಆಮೇಲೆ?

ನಮಸ್ಕಾರ,

ನೀವು ಕಳಿಸಿದ 'ತೆರೆಯ ಮೇಲೆ ಇಂಗ್ಲೆಂಡಿನ ದೊರೆಗಳು' ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ, ಇಸವಿಗಳೂ ಸರಿ ಇವೆ. ಆದರೂ ಈಗಿನ ರೂಪದಲ್ಲಿ ಹಾಕಲು ಆಗುವುದಿಲ್ಲ. ಓದಿ ಮುಗಿಸುವ ಹೊತ್ತಿಗೆ ನನಗೆ ಸಿಟ್ಟೇ ಬಂದಿತ್ತು. ಯಾಕೆ ಅಂತ ಹೇಳುತ್ತೇನೆ.

ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ವಿರುದ್ಧ ಹೋರಾಡಿದ ಸ್ಕಾಟ್ಲೆಂಡಿನ ವಿಲಿಯಂ ವ್ಯಾಲೆಸ್‌ನ ಕತೆ 'ಬ್ರೇವ್‌ಹಾರ್ಟ್' (1995) ಬಗ್ಗೆ ಬರೆದ ಪ್ಯಾರಾ ತೆಗೆದುಕೊಳ್ಳಿ. "ವ್ಯಾಲೆಸ್‌ನನ್ನು ಕೊಂದ 1305ರಲ್ಲಿ ಇಸಬೆಲ್ಲಾ ಸುಮಾರು 10 ವರ್ಷದ ಹುಡುಗಿ, ಅವರಿಬ್ಬರ ಪ್ರೇಮ ಶುದ್ಧ ಸುಳ್ಳು." ನಿಜ. ಫ್ರಾನ್ಸಿನ ರಾಜಕುಮಾರಿಯಾದ ಆಕೆ ಎಡ್ವರ್ಡ್‌ನ ಮಗನನ್ನು ಮದುವೆಯಾಗಿ ಇಂಗ್ಲೆಂಡಿಗೆ ಬಂದದ್ದೇ 1308ರಲ್ಲಿ. ಮುಂದಿನ ಸಾಲು: "ಇದು ಇತಿಹಾಸಕ್ಕೆ ಮಾಡಿದ ಅಪಚಾರ." ಅಲ್ಲಿಗೆ ಪ್ಯಾರಾ ಮುಗಿಯಿತು. ಅಲ್ರೀ, ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ ಅಲ್ವಾ? ತಪ್ಪುಗಳ ಪಟ್ಟಿಯನ್ನು ಯಾರು ಬೇಕಾದರೂ ಫೋನಿನಲ್ಲಿ ಹುಡುಕಿ ಮಾಡಬಹುದು. ಆ ಸುಳ್ಳಿನಿಂದ ಸಿನಿಮಾಕ್ಕೆ ಏನು ಸಿಕ್ಕಿತು ಅಂತ ನೀವು ಕೇಳಿಕೊಂಡೇ ಇಲ್ಲ.

ಕೊನೆಯ ಭಾಗ ನೆನಪು ಮಾಡಿಕೊಳ್ಳಿ. ಒಂದನೇ ಎಡ್ವರ್ಡ್ ಹಾಸಿಗೆ ಹಿಡಿದಿದ್ದಾನೆ, ಮಾತು ನಿಂತಿದೆ. ಸೊಸೆ ಇಸಬೆಲ್ಲಾ ಕಿವಿಯ ಹತ್ತಿರ ಬಗ್ಗಿ, ನನ್ನ ಹೊಟ್ಟೆಯಲ್ಲಿರುವುದು ನಿಮ್ಮ ವಂಶದ ಕೂಸಲ್ಲ ಎನ್ನುತ್ತಾಳೆ. ಹೊರಗೆ ವ್ಯಾಲೆಸ್‌ನನ್ನು ಕೊಲ್ಲುತ್ತಿರುವಾಗಲೇ ಒಳಗೆ ಇವನ ಉಸಿರೂ ನಿಲ್ಲುತ್ತದೆ. ನಿಜವಾದ ಎಡ್ವರ್ಡ್ ಸತ್ತದ್ದು ಸುಮಾರು ಎರಡು ವರ್ಷ ಆದಮೇಲೆ, 1307ರ ಜುಲೈನಲ್ಲಿ, ಸ್ಕಾಟ್ಲೆಂಡಿನ ಗಡಿ ಹತ್ತಿರದ ಬರ್ಗ್ ಬೈ ಸ್ಯಾಂಡ್ಸ್‌ನಲ್ಲಿ. 68ನೇ ವಯಸ್ಸಿನಲ್ಲೂ ಮತ್ತೆ ದಂಡೆತ್ತಿ ಹೊರಟಿದ್ದ. ಇಂಥ ಮುದುಕನನ್ನು ಸಿನಿಮಾ ಅರಮನೆಯ ಹಾಸಿಗೆಯಲ್ಲಿ ಮಲಗಿಸಿ ಬಾಯಿ ಕಟ್ಟಿಹಾಕಿತು. ಯಾಕೆಂದರೆ ಯುದ್ಧದಲ್ಲಿ ಸೋತ ನಾಯಕ ಹೇಗಾದರೂ ಗೆಲ್ಲಬೇಕು, ದೊರೆ ಅದನ್ನು ಕೇಳಿಸಿಕೊಂಡೂ ಏನೂ ಮಾಡಲಾಗದೆ ಸಾಯಬೇಕು. ಸೇಡು ಹಾಗೆ ತೀರಬೇಕಾದರೆ ಇಸಬೆಲ್ಲಾಳ ವಯಸ್ಸು, ದೊರೆಯ ಸಾವು ಎರಡನ್ನೂ ಸರಿಸಲೇಬೇಕಿತ್ತು. ಆಕೆಯ ಮಗ ಮೂರನೇ ಎಡ್ವರ್ಡ್ ಹುಟ್ಟಿದ್ದು 1312ರಲ್ಲಿ ಅನ್ನುವುದನ್ನೂ ಮರೆಸಬೇಕಿತ್ತು.

ನಾನು ಪತ್ರಿಕೆಯೊಂದರ ಸಿನಿಮಾ ಪುಟದಲ್ಲಿ ಕೆಲಸ ಕಲಿಯುತ್ತಿದ್ದಾಗ ಅಲ್ಲಿನ ಹಿರಿಯರೊಬ್ಬರು ವಿಮರ್ಶೆಯ ಹಾಳೆಯನ್ನು ಕೈಯಲ್ಲೇ ಹಿಡಿಯುತ್ತಿರಲಿಲ್ಲ. "ಮೊದಲು ಒಂದು ಸೀನ್ ಹೇಳು" ಅನ್ನುತ್ತಿದ್ದರು. ಯಾರು ಎಲ್ಲಿ ನಿಂತಿದ್ದರು, ಕೈಯಲ್ಲಿ ಏನಿತ್ತು, ಯಾರು ಮೊದಲು ಕಣ್ಣು ತಗ್ಗಿಸಿದರು. ಹೇಳಲಾಗದವರನ್ನು ಟಿಕೆಟ್ ದುಡ್ಡು ಕೊಟ್ಟು ಮತ್ತೆ ಮ್ಯಾಟಿನಿಗೆ ಕಳಿಸುತ್ತಿದ್ದರು, ಅದೂ ಸ್ವಂತ ಜೇಬಿನಿಂದ. ಆಗ ಎಲ್ಲರೂ ಬೈದುಕೊಳ್ಳುತ್ತಿದ್ದೆವು.

ನಿಮ್ಮ ಲೇಖನದಲ್ಲಿ ಒಂದೂ ಸೀನ್ ಇಲ್ಲ. "1944ರಲ್ಲಿ ಲಾರೆನ್ಸ್ ಒಲಿವಿಯರ್, 1989ರಲ್ಲಿ ಕೆನೆತ್ ಬ್ರಾನಾ ಇಬ್ಬರೂ ಐದನೇ ಹೆನ್ರಿಯನ್ನು ಮಹಾವೀರನಾಗಿ ತೋರಿಸಿದ್ದಾರೆ" ಎಂದು ಬರೆದಿದ್ದೀರಿ. ಎರಡೂ ನೋಡಿದ್ದೀರಾ? ಸುಮ್ನೆ ಕೇಳುತ್ತಿದ್ದೇನೆ. ಇಬ್ಬರೂ ತಾವೇ ನಿರ್ದೇಶಿಸಿ ಹೆನ್ರಿಯಾಗಿ ನಟಿಸಿದವರು, ಇಬ್ಬರ ಕೈಯಲ್ಲೂ ಇದ್ದದ್ದು ಷೇಕ್ಸ್‌ಪಿಯರ್‌ನ ಒಂದೇ ನಾಟಕ. ಒಲಿವಿಯರ್ ಚಿತ್ರ ಮಹಾಯುದ್ಧದ ಹೊತ್ತಿನದು, ಬ್ರಿಟನ್ನಿನ ಕಮಾಂಡೊಗಳಿಗೂ ವಿಮಾನದಿಂದ ಇಳಿದು ಹೋರಾಡುವ ಸೈನಿಕರಿಗೂ ಅರ್ಪಿಸಿದ್ದು. ಹಾಗಾಗಿ ಅದರಲ್ಲಿ ಸೌತಾಂಪ್ಟನ್ನಿನಲ್ಲಿ ಹೆನ್ರಿಯನ್ನು ಕೊಲ್ಲಲು ಸಂಚು ಮಾಡಿದ ಮೂವರು ದ್ರೋಹಿಗಳಿಲ್ಲ. ಶರಣಾಗದಿದ್ದರೆ ಹಸುಗೂಸುಗಳನ್ನು ಈಟಿಗೆ ಚುಚ್ಚುತ್ತಾರೆ ಅಂತ ಹೆನ್ರಿ ಫ್ರಾನ್ಸಿನ ಹಾರ್ಫ್ಲರ್ ಊರಿನವರಿಗೆ ಹಾಕುವ ಬೆದರಿಕೆ ಇಲ್ಲ. ಹಳೆಯ ಗೆಳೆಯ ಬಾರ್ಡಾಲ್ಫ್‌ಗೆ ನೇಣೂ ಇಲ್ಲ. ಬ್ರಾನಾ ಮೂರನ್ನೂ ವಾಪಸ್ ತಂದ. ಬಾರ್ಡಾಲ್ಫ್ ನೇತಾಡುವಾಗ ದೊರೆಯ ಕಣ್ಣಲ್ಲಿ ನೀರು. ಫ್ರೆಂಚರ ಎದುರು ಅಜಿನ್‌ಕೋರ್ಟ್ ಯುದ್ಧ ಗೆದ್ದಮೇಲೆ ಸತ್ತ ಹುಡುಗನನ್ನು ಹೆಗಲಿಗೆ ಹಾಕಿಕೊಂಡು ಕೆಸರಿನಲ್ಲಿ ನಡೆಯುತ್ತಾನೆ, ಕ್ಯಾಮೆರಾ ಕಟ್ ಇಲ್ಲದೆ ಜೊತೆಗೇ ಸಾಗುತ್ತದೆ. ಒಲಿವಿಯರ್‌ನ ಯುದ್ಧ ನಡೆಯುವುದು ಹಸಿರು ಹುಲ್ಲಿನ ಮೇಲೆ, ಬಿಸಿಲಲ್ಲಿ. 1415ರ ನಿಜವಾದ ಮೈದಾನ ಮಳೆಗೆ ನೆಂದ, ಉತ್ತ ಹೊಲ. ಇವರಿಬ್ಬರನ್ನೂ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿರಲ್ಲ!

ರಾಬಿನ್ ಹುಡ್ ಪ್ಯಾರಾ, ಮೂರನೇ ರಿಚರ್ಡ್ ಪ್ಯಾರಾ ಎರಡೂ ತೆಗೆಯಿರಿ. ತಕರಾರಿಲ್ಲ, ಜಾಗ ಇಲ್ಲ ಅಷ್ಟೇ. ಐದನೇ ಹೆನ್ರಿ ಒಬ್ಬನೇ ಸಾಕು. ನಾಟಕ ತೊಡೆ ಮೇಲಿಟ್ಟುಕೊಂಡು ಸಿನಿಮಾ ನೋಡಿ, ಬಿಟ್ಟ ಸಾಲುಗಳಿಗೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ. ಬೇಕಾದರೆ 2019ರ 'ದ ಕಿಂಗ್' ಸೇರಿಸಿ. ಅದರಲ್ಲಿ ಫ್ರಾನ್ಸಿನ ಯುವರಾಜ ಅಜಿನ್‌ಕೋರ್ಟ್‌ನ ಕೆಸರಲ್ಲಿ ಜಾರಿ ಬಿದ್ದು ಸಾಯುತ್ತಾನೆ. ನಿಜವಾದ ಯುವರಾಜ ಆ ಯುದ್ಧಕ್ಕೆ ಬಂದೇ ಇರಲಿಲ್ಲ. ಅವನನ್ನು ಅಲ್ಲಿಗೆ ಯಾಕೆ ಕರೆತಂದರು ಅಂತ ನೀವು ಹೇಳಿ. 1200 ಪದ ಮೀರದಿರಲಿ.